ಕಟ್ಟಿದ್ದು 25 ವ್ಯಾಟ್, ಕೇಳುವುದು ಅರ್ಧ ವ್ಯಾಟ್

ನಮ್ಮ ಮನೆ ದೊಡ್ಡಬಳ್ಳಾಪುರದಲ್ಲಿ. ಬೀದಿಗೆ ಇಳಿದರೆ ಯಾವುದಾದರೂ ಒಂದು ಕಡೆಯಿಂದ ಪವರ್‌ಲೂಮ್ ಸದ್ದು ಬಂದೇ ಬರುತ್ತದೆ. ಅಪ್ಪ ಮೂವತ್ತು ವರ್ಷ ಆ ಸದ್ದಿನ ಒಳಗೇ ನಿಂತು ಸೀರೆ ನೇಯ್ದವರು. ಹಾಗಾಗಿ ನಮ್ಮ ಮನೆಯಲ್ಲಿ ಟಿವಿ ಸೌಂಡ್ ಯಾವಾಗಲೂ ಜಾಸ್ತಿ. ಹಾಡು ಹಾಕಿದರೂ ಅಷ್ಟೇ. ಪಕ್ಕದ ಮನೆಯವರಿಗೆ ಸರಿಯಾಗಿ ಕೇಳಿಸಿದರೆ ಅಪ್ಪನಿಗೂ ಕೇಳಿಸಿದೆ ಅಂತ ಲೆಕ್ಕ.

ಈ ಮಳೆಗಾಲದಲ್ಲಿ ಹಳೆಯ ಆಂಪ್ಲಿಫೈಯರ್ ಕೆಟ್ಟಿತು. ಬಿಚ್ಚಿ ನೋಡಿದರೆ ಒಳಗಿದ್ದದ್ದು ನಮ್ಮೂರಿನ ಎಷ್ಟೋ ಲೋಕಲ್ ಡಬ್ಬಗಳಲ್ಲಿ ಇರುವ ಅದೇ 4440 ಬೋರ್ಡ್. ಕಾರ್ ಸ್ಟೀರಿಯೋಗೆ ಅಂತ ಸಾನ್ಯೋ ಕಂಪನಿ ಮಾಡಿದ ಐಸಿ ಅದು, ಒಂದು ಚಾನೆಲ್‌ಗೆ 6 ವ್ಯಾಟ್. ನಮ್ಮ ಡಬ್ಬದ ಮುಂದೆ ಮಾತ್ರ 1200 ವ್ಯಾಟ್ ಅಂತ ಸ್ಟಿಕರ್ ಇತ್ತು. ಐಸಿ ಬಿರುಕು ಬಿಟ್ಟಿತ್ತು. ಬದಲಾಯಿಸಿದ್ದರೆ ನೂರು ರೂಪಾಯಿ ಒಳಗೆ ಮುಗಿಯುತ್ತಿತ್ತು. ಆದರೆ ನನಗೆ ಬಹಳ ದಿನದಿಂದ ಒಂದು ಒಳ್ಳೆಯ ಆಂಪ್ಲಿಫೈಯರ್ ಕೈಯಾರೆ ಕಟ್ಟಬೇಕು ಅನ್ನುವ ಆಸೆ. ನೆಪ ಸಿಕ್ಕಿತು ಅಷ್ಟೇ.

ಎಲ್‌ಎಂ3886 ಆರಿಸಿಕೊಂಡೆ. ಹನ್ನೊಂದು ಕಾಲಿನ ಐಸಿ, ನ್ಯಾಷನಲ್ ಸೆಮಿಕಂಡಕ್ಟರ್‌ನದು. 2011ರಲ್ಲಿ ಆ ಕಂಪನಿಯನ್ನು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕೊಂಡುಕೊಂಡಿತು. ಈಗಿನ ಕ್ಲಾಸ್ ಡಿ ಅನ್ನುವ ಬಗೆಯ ಆಂಪ್ಲಿಫೈಯರ್ ಬೋರ್ಡ್‌ಗಳು ಇದಕ್ಕಿಂತ ಚಿಕ್ಕವು, ಅಗ್ಗ, ಬಿಸಿಯೂ ಕಮ್ಮಿ. ಲ್ಯಾಪ್‌ಟಾಪ್ ಚಾರ್ಜರ್ ಸಿಕ್ಕಿಸಿದರೆ ಓಡುತ್ತವೆ. ಅದು ಗೊತ್ತಿದ್ದೂ ಇದನ್ನೇ ಹಿಡಿದೆ. ದೊಡ್ಡ ಟ್ರಾನ್ಸ್‌ಫಾರ್ಮರ್, ದಪ್ಪ ಕೆಪಾಸಿಟರ್, ಐಸಿಯ ಬಿಸಿ ಹೀರುವ ಹೀಟ್‌ಸಿಂಕ್ ಎಲ್ಲ ಜೋಡಿಸುವುದರಲ್ಲೇ ನನಗೆ ಮಜಾ.

ಭಾನುವಾರ ಎಸ್‌ಪಿ ರೋಡಿನಲ್ಲಿ ಅರ್ಧ ಅಂಗಡಿ ಮುಚ್ಚಿರುತ್ತವೆ ಅಂತ ಶನಿವಾರ ರಜೆ ಹಾಕಿ ಬೆಂಗಳೂರಿಗೆ ಹೋದೆ. 18-0-18 ವೋಲ್ಟ್, 5 ಆಂಪಿಯರ್ ಟ್ರಾನ್ಸ್‌ಫಾರ್ಮರ್ ಒಂದು. ಎಸಿಯನ್ನು ಡಿಸಿ ಮಾಡುವ 35 ಆಂಪಿಯರ್ ಬ್ರಿಡ್ಜ್ ಒಂದು. 10,000 ಮೈಕ್ರೋಫ್ಯಾರಡ್, 50 ವೋಲ್ಟ್ ಕೆಪಾಸಿಟರ್ ಎರಡು. ಎಲ್‌ಎಂ3886 ಎರಡು, ಅದರ ಖಾಲಿ ಪಿಸಿಬಿ, ಮೈಕಾ ಶೀಟ್, ಪ್ಲಾಸ್ಟಿಕ್ ಬುಷ್, ಫ್ಯೂಸ್ ಹೋಲ್ಡರ್, ವಾಲ್ಯೂಮ್ ಕಂಟ್ರೋಲ್. ಸ್ಪೀಕರ್ ನನ್ನ ಹತ್ತಿರವೇ ಇದ್ದವು, ಸೆಕೆಂಡ್ ಹ್ಯಾಂಡ್ ಬುಕ್‌ಶೆಲ್ಫ್ ಜೋಡಿ, 8 ಓಮ್. ಹಿಂದಿನ ಲೇಬಲ್ ಮೇಲೆ 86 ಡೆಸಿಬಲ್ ಅಂತ ಬರೆದಿದೆ. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ನಿಂತರೆ ಅಷ್ಟು ಸದ್ದು ಬರುತ್ತದೆ ಅಂತ ಅರ್ಥ. ಕಟ್ಟುವಾಗ ಆ ಲೇಬಲ್ ಕಡೆ ನಾನು ತಿರುಗಿಯೂ ನೋಡಲಿಲ್ಲ. ಆಮೇಲೆ ಅದೇ ಮುಖ್ಯವಾಯಿತು.

ಬೆಸುಗೆ ಕೆಲಸ ಎರಡು ರಾತ್ರಿಗೆ ಮುಗಿಯಿತು. ಅದರಲ್ಲಿ ಹೇಳುವಂಥದ್ದೇನೂ ಇಲ್ಲ.

ಹೇಳಬೇಕಾದ್ದು ಸೀರೀಸ್ ಬಲ್ಬಿನ ಕಥೆ. ಹೊಸದಾಗಿ ಕಟ್ಟಿದ ಯಾವ ಪವರ್ ಸಪ್ಲೈಯನ್ನೂ ನೇರ ಕರೆಂಟಿಗೆ ಸಿಕ್ಕಿಸಬೇಡಿ. ಫೇಸ್ ವೈರಿಗೆ ಸೀರೀಸ್ ಆಗಿ 100 ವ್ಯಾಟಿನ ಬಲ್ಬ್ ಹಾಕಿ. ಎಲ್‌ಇಡಿ ನಡೆಯುವುದಿಲ್ಲ, ಹಳೆಯ ಫಿಲಮೆಂಟ್ ಬಲ್ಬೇ ಆಗಬೇಕು. ಈಗ ಅದು ಸಿಗುವುದೇ ಕಷ್ಟ. ನನಗೆ ಕೊನೆಗೆ ಕೋಳಿಮರಿ ಸಾಕುವವರ ಹತ್ತಿರ ಒಂದು ಸಿಕ್ಕಿತು, ಮರಿಗಳಿಗೆ ಕಾವು ಕೊಡಲು ಇಟ್ಟುಕೊಂಡಿದ್ದರು. ಎಲ್ಲ ಸರಿ ಇದ್ದರೆ ಸ್ವಿಚ್ ಹಾಕಿದಾಗ ಬಲ್ಬ್ ಒಮ್ಮೆ ಜೋರಾಗಿ ಉರಿದು, ಕೆಪಾಸಿಟರ್ ತುಂಬಿಕೊಳ್ಳುತ್ತಿದ್ದ ಹಾಗೆ ಮಂಕಾಗುತ್ತದೆ. ಎಲ್ಲೋ ಶಾರ್ಟ್ ಇದ್ದರೆ ಉರಿಯುತ್ತಲೇ ಇರುತ್ತದೆ.

ನನ್ನದು ಉರಿಯುತ್ತಲೇ ಇತ್ತು.

ತಕ್ಷಣ ಆಫ್ ಮಾಡಿದೆ. ಕೆಪಾಸಿಟರ್ ಖಾಲಿಯಾಗಲು ಬಿಟ್ಟು, ಮೀಟರ್ ಅನ್ನು ಬೀಪ್‌ಗೆ ಹಾಕಿ ಒಂದೊಂದೇ ಕಡೆ ಮುಟ್ಟಿಸುತ್ತಾ ಹೋದೆ. ಮೈನಸ್ ಲೈನ್‌ಗೂ ಹೀಟ್‌ಸಿಂಕ್‌ಗೂ ನಡುವೆ ಬೀಪ್ ಬಂತು. ಈ ಐಸಿಯ ಬೆನ್ನಿನ ಲೋಹದ ಪಟ್ಟಿ ಒಳಗಡೆಯಿಂದ ಮೈನಸ್ ಸಪ್ಲೈಗೆ ಸೇರಿಕೊಂಡಿರುತ್ತದೆ. ಬೆನ್ನಿಗೆ ಪ್ಲಾಸ್ಟಿಕ್ ಹೊದಿಕೆ ಇರುವ ನಮೂನೆಯೂ ಬರುತ್ತದೆ, ನನಗೆ ಸಿಕ್ಕಿದ್ದು ಅದಲ್ಲ. ಅದಕ್ಕೇ ಐಸಿಗೂ ಹೀಟ್‌ಸಿಂಕ್‌ಗೂ ಮಧ್ಯೆ ಮೈಕಾ ಇಡಬೇಕು, ಸ್ಕ್ರೂಗೆ ಬುಷ್ ಹಾಕಬೇಕು. ಎರಡನ್ನೂ ಹಾಕಿದ್ದೆನಲ್ಲ!

ಬಲಗಡೆ ಐಸಿಯ ಸ್ಕ್ರೂ ಸಡಿಲಿಸಿದೆ. ಬೀಪ್ ನಿಂತಿತು. ಮೈಕಾವನ್ನು ಚಿಮಟದಲ್ಲಿ ಎತ್ತಿ ಟ್ಯೂಬ್‌ಲೈಟಿಗೆ ಹಿಡಿದೆ. ಸಾಸಿವೆಗಿಂತ ಚಿಕ್ಕದಾದ ಒಂದು ತೂತು. ಹೀಟ್‌ಸಿಂಕ್‌ಗೆ ಡ್ರಿಲ್ ಹೊಡೆದಾಗ ತೂತಿನ ಬಾಯಲ್ಲಿ ಅಲ್ಯೂಮಿನಿಯಂ ಚೂರು ಎದ್ದು ನಿಂತಿತ್ತು. ಬೆರಳಿನಲ್ಲಿ ಸವರಿದರೆ ಮಾತ್ರ ಗೊತ್ತಾಗುವಷ್ಟು. ಸ್ಕ್ರೂ ಬಿಗಿ ಮಾಡಿದಾಗ ಅದು ಮೈಕಾವನ್ನು ಚುಚ್ಚಿದೆ. ಹೀಟ್‌ಸಿಂಕ್ ಡಬ್ಬಕ್ಕೆ ಕೂತಿದೆ, ಡಬ್ಬ ಅರ್ತ್ ಆಗಿದೆ, ಆಡಿಯೋ ಗ್ರೌಂಡೂ ಅಲ್ಲೇ ಸೇರಿದೆ. ಅಲ್ಲಿಗೆ ಮೈನಸ್ ಲೈನ್ ಪೂರ್ತಿ ಶಾರ್ಟ್. ಬಲ್ಬ್ ಇಲ್ಲದೆ ಸಿಕ್ಕಿಸಿದ್ದರೆ ಫ್ಯೂಸ್ ಹೋಗುತ್ತಿತ್ತು, ಜೊತೆಗೆ ಬ್ರಿಡ್ಜೂ ಹೋಗುತ್ತಿತ್ತೇನೋ. ದಪ್ಪನೆಯ ಡ್ರಿಲ್ ಬಿಟ್ ಒಂದನ್ನು ತೂತಿನ ಬಾಯಿಗಿಟ್ಟು ಕೈಯಲ್ಲೇ ಎರಡು ಸುತ್ತು ತಿರುಗಿಸಿ ಅಂಚು ನುಣುಪು ಮಾಡಿದೆ. ಹೊಸ ಮೈಕಾ, ಹೊಸ ಪೇಸ್ಟ್. ಮತ್ತೆ ಸ್ವಿಚ್. ಬಲ್ಬ್ ಮಿಂಚಿ ಮಂಕಾಯಿತು. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು, "ಬಲ್ಬ್ ಆರಿಹೋಯ್ತಲ್ಲ, ಅದಕ್ಕೂ ಖುಷಿನಾ?" ಅಂದಳು.

ಸ್ಪೀಕರ್ ಜೋಡಿಸುವ ಮೊದಲು ಔಟ್‌ಪುಟ್‌ನಲ್ಲಿ ಡಿಸಿ ಎಷ್ಟಿದೆ ನೋಡಬೇಕು. ಒಂದು ಕಡೆ 12 ಮಿಲಿವೋಲ್ಟ್, ಇನ್ನೊಂದು ಕಡೆ 31. ಪರವಾಗಿಲ್ಲ. ಇಲ್ಲಿ ವೋಲ್ಟ್‌ಗಟ್ಟಲೆ ತೋರಿಸಿದರೆ ಸ್ಪೀಕರ್ ಸುಡುತ್ತದೆ. ಸಪ್ಲೈ ಖಾಲಿ ನಿಂತಾಗ ಪ್ಲಸ್ 26.8, ಮೈನಸ್ 26.9 ವೋಲ್ಟ್. ಲೋಡ್ ಬಿದ್ದಾಗ 24ರ ಹತ್ತಿರ ಇಳಿಯುತ್ತದೆ. ಅದರಲ್ಲಿ ಐಸಿ ತನ್ನ ಪಾಲು ಅಂತ ಸುಮಾರು ನಾಲ್ಕು ವೋಲ್ಟ್ ಇಟ್ಟುಕೊಳ್ಳುತ್ತದೆ. ಉಳಿದ 20 ವೋಲ್ಟಿನಲ್ಲಿ 8 ಓಮ್ ಸ್ಪೀಕರಿಗೆ 25 ವ್ಯಾಟ್ ಸಿಗುತ್ತದೆ. 1200 ಅಲ್ಲ, 25. ಆದರೆ ನಿಜವಾದ 25.

ಹಾಡು ಬಂತು. ಜೊತೆಗೆ ಗುಂಯ್ ಅನ್ನುವ ಸದ್ದೂ ಬಂತು. ಇನ್‌ಪುಟ್ ಗ್ರೌಂಡ್ ವೈರನ್ನು ಎರಡು ಕೆಪಾಸಿಟರ್‌ಗಳ ಮಧ್ಯದ ಪಟ್ಟಿಗೆ ಬೆಸೆದಿದ್ದೆ. ಬ್ರಿಡ್ಜ್‌ನಿಂದ ಸೆಕೆಂಡಿಗೆ 100 ಸಲ ಕರೆಂಟ್ ನುಗ್ಗುವುದು ಅದೇ ಪಟ್ಟಿಯ ಮೇಲೆ. ಆ ಪಟ್ಟಿಯಿಂದ ಒಂದು ದಪ್ಪ ವೈರ್ ಎಳೆದು ಬೇರೆ ಕಡೆ ಒಂದೇ ಬೋಲ್ಟಿಗೆ ತಂದೆ. ಸ್ಪೀಕರ್ ಗ್ರೌಂಡ್, ಇನ್‌ಪುಟ್ ಗ್ರೌಂಡ್ ಎಲ್ಲ ಆ ಬೋಲ್ಟಿನಿಂದಲೇ. ಗುಂಯ್ ನಿಂತಿತು. ಗುಂಯ್ ಹೋಗಲಿ ಅಂತ ಕರೆಂಟಿನ ಅರ್ತ್ ಪಿನ್ನನ್ನೇ ಬಿಚ್ಚಿಬಿಡುವವರಿದ್ದಾರೆ. ಲೋಹದ ಡಬ್ಬಕ್ಕೆ ಆ ಕೆಲಸ ಮಾತ್ರ ಮಾಡಬೇಡಿ.

ಇನ್ನು ವಾಲ್ಯೂಮ್ ಗುಂಡಿ. ಸುಮ್ನೆ ಹೀಗೆ ಮುಟ್ಟಿದರೆ ಸಾಕು, ಮನೆ ಅದುರುತ್ತಿತ್ತು. ಎಂಟು ಗಂಟೆ ಮುಳ್ಳಿನ ಜಾಗದಿಂದ ಒಂಬತ್ತಕ್ಕೆ ಬರುವಷ್ಟರಲ್ಲಿ ಪಿಸುಮಾತಿನಿಂದ ಮದುವೆ ಮನೆಗೆ ಹಾರುತ್ತಿತ್ತು. ಅಲ್ಲಿಂದ ಮುಂದೆ ತಿರುಗಿಸಿದರೆ ಸದ್ದು ಹೆಚ್ಚೇನೂ ಆಗದೆ ಒಡಕಲು ಒಡಕಲು. ಬಿಚ್ಚಿ ನೋಡಿದೆ. ಬಿ50ಕೆ ಅಂತ ಬರೆದಿತ್ತು. ಬಿ ಅಂದರೆ ಲೀನಿಯರ್, ತಿರುಗಿಸಿದಷ್ಟೇ ಸಮನಾಗಿ ಏರುವುದು. ಆಡಿಯೋ ಕೆಲಸಕ್ಕೆ ಬೇಕಾದ್ದು ಎ, ಅಂದರೆ ಲಾಗ್, ಮೊದಲು ನಿಧಾನ, ಆಮೇಲೆ ಬೇಗ ಏರುವುದು. ನಮ್ಮ ಕಿವಿ ಸದ್ದನ್ನು ಅಳೆಯುವುದು ಗುಣಾಕಾರದಲ್ಲಿ. ಪವರ್ ಹತ್ತು ಪಟ್ಟಾದರೆ ನಮಗೆ ಸುಮಾರು ಎರಡರಷ್ಟು ಜೋರು ಅನ್ನಿಸುತ್ತದೆ. ಲೀನಿಯರ್ ಗುಂಡಿಯನ್ನು ಕಾಲು ಭಾಗ ತಿರುಗಿಸಿದರೆ ಪೂರ್ತಿ ಸದ್ದಿಗಿಂತ ಬರೀ 12 ಡೆಸಿಬಲ್ ಕಮ್ಮಿ. ಉಳಿದ ಮುಕ್ಕಾಲು ಭಾಗ ದಂಡ. ಅಂಗಡಿಗೆ ಫೋನ್ ಮಾಡಿದೆ. "ಸಾರ್, ಎಲ್ಲಾರೂ ಬಿ ತಾನೇ ತಗೊಂಡು ಹೋಗೋದು, ಯಾರೂ ಏನೂ ಅಂದಿಲ್ಲ" ಅಂದ.

ಎ10ಕೆ ತರಿಸಿ ಹಾಕಿದೆ. ಗುಂಡಿ ಮೆತ್ತಗಾಯಿತು. ಆದರೂ ಮಧ್ಯ ದಾಟಿದರೆ ಒಡಕಲು ತಪ್ಪಲಿಲ್ಲ. ಕಾಗದದ ಮೇಲೆ ಲೆಕ್ಕ ಹಾಕಿದೆ. ಫೋನಿನಿಂದ ಹಾಡು ಹಿಡಿಯುವ ಬ್ಲೂಟೂತ್ ರಿಸೀವರ್ ಜಾಸ್ತಿ ಅಂದರೆ 2 ವೋಲ್ಟ್ ಕೊಡುತ್ತದೆ. ಆಂಪ್ಲಿಫೈಯರ್ ಅದನ್ನು 21 ಪಟ್ಟು ಮಾಡುತ್ತದೆ. 42 ವೋಲ್ಟ್ ಆಯಿತು. ನನ್ನ ಸಪ್ಲೈಯಲ್ಲಿ ಹೊರಗೆ ಬರಲು ಸಾಧ್ಯವಿರುವುದು ಸುಮಾರು 14 (ಆಗಲೇ ಹೇಳಿದ 20 ಅಲೆಯ ತುದಿಯ ಅಳತೆ, ಮೀಟರ್ ತೋರಿಸುವ ಲೆಕ್ಕದಲ್ಲಿ ಅದೇ 14). ಅಂದರೆ ಗುಂಡಿಯಲ್ಲಿ ಅರ್ಧದಿಂದ ಮೇಲಿನದು ಹೋಗಬಾರದ ಜಾಗ. ಕಟ್ಟೆಯಿಲ್ಲದ ಬಾವಿಯ ಹಾಗೆ ಅದನ್ನು ಹಾಗೇ ಬಿಟ್ಟಿದ್ದೆ.

ಇಷ್ಟು ಹೊತ್ತಿಗೆ ನನಗೆ ಅನುಮಾನ ಬರತೊಡಗಿತ್ತು. ಈ 25 ವ್ಯಾಟಿನಲ್ಲಿ ನಾವು ಬಳಸುತ್ತಿರುವುದು ಎಷ್ಟು? ಜನರೇಟರ್ ಸರ್ವೀಸ್ ಮಾಡುವ ಗೆಳೆಯನೊಬ್ಬನ ಹತ್ತಿರ ಸೌಂಡ್ ಲೆವೆಲ್ ಮೀಟರ್ ಇದೆ. ಒಂದು ವಾರಕ್ಕೆ ಇಸ್ಕೊಂಡು ಬಂದೆ. ಫೋನಿನಲ್ಲಿ ಆಪ್ ಇದೆಯಲ್ಲ ಅನ್ನಬಹುದು. ಪಕ್ಕ ಪಕ್ಕ ಇಟ್ಟು ನೋಡಿದೆ, ನನ್ನ ಫೋನ್ 6 ಡೆಸಿಬಲ್ ಕಮ್ಮಿ ತೋರಿಸುತ್ತಿತ್ತು. ಕಿವಿ ವಿಷಯದಲ್ಲಿ 6 ಅಂದರೆ ಸಣ್ಣದಲ್ಲ.

ಮೀಟರನ್ನು ಸೋಫಾದಲ್ಲಿ ಕೂತವರ ಕಿವಿಯ ಎತ್ತರಕ್ಕೆ ಇಟ್ಟೆ, ಸ್ಪೀಕರಿನಿಂದ ಎರಡೂವರೆ ಮೀಟರ್. ಮಳೆ ಸುರಿದ ಹಾಗೆ ಸದ್ದು ಮಾಡುವ ಪಿಂಕ್ ನಾಯ್ಸ್ ಫೈಲ್ ಹಾಕಿ, ಮಲ್ಟಿಮೀಟರನ್ನು ಸ್ಪೀಕರ್ ವೈರಿಗೆ ಸಿಕ್ಕಿಸಿದೆ. 2.83 ವೋಲ್ಟ್ ಬಂದಾಗ ಒಂದೊಂದು ಸ್ಪೀಕರಿಗೂ ಒಂದು ವ್ಯಾಟ್ ಹೋಗುತ್ತದೆ. ಆಗ ಸೋಫಾದಲ್ಲಿ 83 ಡೆಸಿಬಲ್. ಒಂದು ವ್ಯಾಟಿಗೆ! ಎದುರು ಕೂತು ಮಾತಾಡಬೇಕಾದರೆ ದನಿ ಏರಿಸಬೇಕು. ಹಾಡು ಕೇಳುತ್ತಾ ಸೊಪ್ಪು ಬಿಡಿಸುವಾಗ, ಓದುವಾಗ ಇಡುವ ಸದ್ದಿಗೆ 0.9 ವೋಲ್ಟ್, ಅಂದರೆ ವ್ಯಾಟಿನ ಹತ್ತನೇ ಒಂದು ಭಾಗ. ಖುಷಿಯಾಗಿ ಜೋರಾಗಿ ಕೇಳೋಣ ಅಂತ ಇಟ್ಟರೆ ಅರ್ಧ ವ್ಯಾಟ್. ಮೃದಂಗದ ಒಂದು ಪೆಟ್ಟಿಗೆ, ತಮಟೆಯ ಒಂದು ಏಟಿಗೆ ಅರೆ ಕ್ಷಣ ಹತ್ತು ವ್ಯಾಟ್ ಬೇಕಾಗಬಹುದು. ಉಳಿದ ವ್ಯಾಟ್ ಇರುವುದು ಅದಕ್ಕೆ, ಏಟು ಒಡೆಯದೆ ಬರಲಿ ಅಂತ.

ಈಗ ಗಂಟೆಯ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಹಾಡು ಕೇಳುವ ಸಾಧನಗಳಿಗೆ ಹೇಳುವುದು ಹೀಗೆ: ದೊಡ್ಡವರಿಗೆ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ, ಮಕ್ಕಳಿಗೆ 75ರಲ್ಲಿ 40 ಗಂಟೆ. ಮೂರು ಡೆಸಿಬಲ್ ಏರಿದ ಹಾಗೆಲ್ಲ ಸಮಯ ಅರ್ಧಕ್ಕೆ ಇಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. 95ಕ್ಕೆ ಬಂದರೆ ಇಡೀ ವಾರಕ್ಕೆ ಒಂದು ಗಂಟೆ ಕಾಲು. ಇದು ಫೋನು, ಹೆಡ್‌ಫೋನಿಗೆಂದು ಹಾಕಿದ ಲೆಕ್ಕ. ಸದ್ದು ಯಾವ ಡಬ್ಬದಿಂದ ಬಂತು ಅಂತ ಕಿವಿ ಕೇಳುವುದಿಲ್ಲವಲ್ಲ, ಅದಕ್ಕೆ ನಾನೂ ಅದನ್ನೇ ಇಟ್ಟುಕೊಂಡೆ.

ಮೀಟರ್ ಕೈಯಲ್ಲಿತ್ತು. ಅಪ್ಪನ ಜೊತೆ ಅವರು ಕೆಲಸ ಮಾಡುತ್ತಿದ್ದ ಶೆಡ್‌ಗೆ ಹೋದೆ. ಈಗ ಅಲ್ಲಿ ಮಗ್ಗ ಕಮ್ಮಿ, ಎಂಟು ಓಡುತ್ತಿದ್ದವು. ಲಾಳಿ ಈ ಕಡೆಯಿಂದ ಆ ಕಡೆಗೆ ಹೋಗಿ ಬಡಿಯುವ ಪ್ರತಿ ಏಟಿಗೂ ಅಂಕಿ ಕುಣಿಯುತ್ತಿತ್ತು. ಮಧ್ಯದ ಓಣಿಯಲ್ಲಿ 97. ಕೆಲಸದ ಜಾಗಕ್ಕೆ ಅಮೆರಿಕದ ನಿಯೋಶ್ ಸಂಸ್ಥೆಯ ಸಲಹೆ 85 ಡೆಸಿಬಲ್‌ಗೆ ದಿನಕ್ಕೆ 8 ಗಂಟೆ. ಅಲ್ಲೂ ಮೂರಕ್ಕೆ ಅರ್ಧ. 97ಕ್ಕೆ ಬಂದರೆ ಅರ್ಧ ಗಂಟೆ. ಅಪ್ಪ ನಿಂತಿದ್ದು ದಿನಕ್ಕೆ ಹತ್ತು ಗಂಟೆ. ಶೆಡ್ ಒಳಗೆ ಯಾರೂ ಮಾತಾಡುತ್ತಿರಲಿಲ್ಲ. ನೂಲು ಕಡಿದಿದೆ, ಟೀ ಬಂದಿದೆ, ಓನರ್ ಬಂದಿದ್ದಾರೆ, ಎಲ್ಲಕ್ಕೂ ಒಂದೊಂದು ಕೈಸನ್ನೆ. ಅಪ್ಪ ಒಳಗೆ ಕಾಲಿಟ್ಟ ತಕ್ಷಣ ಒಬ್ಬರಿಗೆ ಬೆರಳು ಮಡಚಿ ಏನೋ ಕೇಳಿದರು, ಅವರು ನಕ್ಕು ತಲೆಯಾಡಿಸಿದರು. ಏನು ಅಂತ ನನಗೆ ತಿಳಿಯಲಿಲ್ಲ. ಆ ಒಂದು ಜಾಗದಲ್ಲಿ ಅಪ್ಪನಿಗಿಂತ ನಾನೇ ಕಿವುಡ.

ಕಿವಿ ಪರೀಕ್ಷೆ ಮಾಡಿಸಿ ಎರಡು ವರ್ಷ ಆಯಿತು. ಆ ಗ್ರಾಫ್ ಮನೆಯಲ್ಲಿದೆ. ಕೆಳಗಿನ ಸ್ವರಗಳಲ್ಲಿ ಗೆರೆ ಹೆಚ್ಚುಕಮ್ಮಿ ನೆಟ್ಟಗಿದೆ, 4000 ಹರ್ಟ್ಸ್ ಹತ್ತಿರ ಹಳ್ಳಕ್ಕೆ ಬಿದ್ದ ಹಾಗೆ ಇಳಿದಿದೆ. ಜೋರು ಸದ್ದಿಗೆ ಮೊದಲು ಏಟು ಬೀಳುವುದು ಅಲ್ಲೇ. ಒಳಗಿವಿಯ ಕೂದಲ ಕೋಶಗಳು ಒಮ್ಮೆ ಹೋದರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. "ಕೇಳಿಸುತ್ತೆ ಕಣೋ, ಏನಂತಾರೆ ಅಂತ ತಿಳಿಯಲ್ಲ" ಅಂತ ಅಪ್ಪ ಹೇಳುತ್ತಿದ್ದದ್ದು ಇದನ್ನೇ. ಅ, ಓ ಎಲ್ಲ ಕಿವಿಗೆ ಬೀಳುತ್ತವೆ, ಸ, ಶ, ತ ಜಾರಿಹೋಗುತ್ತವೆ. ಸೌಂಡ್ ಜಾಸ್ತಿ ಮಾಡಿದರೆ ಅ, ಓ ಇನ್ನೂ ಜೋರಾಗುತ್ತವೆ, ಸ ಬರುವುದಿಲ್ಲ. ಕಿವಿ ಮೆಷಿನ್ ಬರೆದುಕೊಟ್ಟಿದ್ದರು. ಕೊಂಡು ತಂದು ಹಬ್ಬಕ್ಕೆ ಮಾತ್ರ ಹಾಕುತ್ತಾರೆ, ಒಡವೆ ಹಾಗೆ.

ಮನೆಗೆ ಬಂದು ಆ ಗುಂಡಿಗೆ ಒಂದು ಗತಿ ಕಾಣಿಸೋಣ ಅಂತ ಕೂತೆ. ಗುಂಡಿಯ ಮುಂದೆ, ಬರುವ ವೈರಿಗೆ ಸೀರೀಸ್ ಆಗಿ, ಒಂದೊಂದು ಚಾನೆಲ್‌ಗೆ ಒಂದು 22ಕೆ ರೆಸಿಸ್ಟರ್. ಬೋರ್ಡಿನ ಇನ್‌ಪುಟ್ ರೆಸಿಸ್ಟೆನ್ಸ್ 47ಕೆ. ಅದನ್ನೂ ಸೇರಿಸಿ ಲೆಕ್ಕ ಹಾಕಿದರೆ ಸಿಗ್ನಲ್ ಕಾಲು ಭಾಗಕ್ಕಿಂತ ಸ್ವಲ್ಪ ಮೇಲೆ ಉಳಿಯುತ್ತದೆ, 11 ಡೆಸಿಬಲ್ ಕಮ್ಮಿ. ಈಗ ಗುಂಡಿ ಪೂರ್ತಿ ತಿರುಗಿಸಿದರೂ ಹೊರಗೆ ಬರುವುದು ಹನ್ನೊಂದೂವರೆ ವೋಲ್ಟ್. 14 ಮುಟ್ಟುವುದೇ ಇಲ್ಲ, ಒಡಕಲು ಇಲ್ಲ. ಇದ್ದದ್ದರಲ್ಲಿ ಅತಿ ಜೋರಾಗಿ ರೆಕಾರ್ಡ್ ಆದ ಹಾಡು ಹಾಕಿ, ಕೊನೆಯವರೆಗೆ ತಿರುಗಿಸಿ, ಸೋಫಾದಲ್ಲಿ ಮೀಟರ್ ಹಿಡಿದೆ. ಸರಾಸರಿ 83, 84. ವಾರಕ್ಕೆ 20 ಗಂಟೆ ಹೀಗೇ ಇಟ್ಟರೂ ಲೆಕ್ಕದ ಹತ್ತಿರವೇ ಇರುತ್ತೇವೆ. ನಮ್ಮ ಮನೆಯಲ್ಲಿ ಯಾರೂ ಅಷ್ಟು ಹೊತ್ತು ಕೂರುವುದಿಲ್ಲ. ಎರಡು ರೆಸಿಸ್ಟರಿಗೆ ಎರಡು ರೂಪಾಯಿ. ಇಡೀ ಆಂಪ್ಲಿಫೈಯರಿನಲ್ಲಿ ನನಗೆ ಅತಿ ಇಷ್ಟವಾದ ಕೆಲಸ ಇದು. ಮೊದಲು ಕೂದಲೆಳೆಯಲ್ಲಿ ತಿರುಗಿಸಬೇಕಿತ್ತು, ಈಗ ಅರ್ಧ ಸುತ್ತು ಆರಾಮಾಗಿ ತಿರುಗಿಸಬಹುದು.

ಎಲ್ಲ ಮುಗಿಯಿತು ಅಂದುಕೊಂಡರೆ ಮಗಳು. ಆರು ವರ್ಷ. ಸೋಫಾದಲ್ಲಿ ಕೂರುವವಳಲ್ಲ, ಸ್ಪೀಕರಿನ ಕೋನ್ ಅಲುಗಾಡುವುದನ್ನು ನೋಡುತ್ತಾ ಅದರ ಮುಂದೆಯೇ ಕೂರುತ್ತಾಳೆ. ಅಲ್ಲಿ ಮೀಟರ್ ಹಿಡಿದೆ. ಸೋಫಾದಲ್ಲಿ 83 ಇದ್ದಾಗ ಅವಳ ಕಿವಿ ಹತ್ತಿರ 91. ನಾನು ಬರೀ ಸೋಫಾವನ್ನು ಕಾಪಾಡಿದ್ದೆ. ಸ್ಪೀಕರ್‌ಗಳನ್ನು ಟೀಪಾಯಿಯಿಂದ ಎತ್ತಿ ಗೋಡೆಯ ಶೆಲ್ಫಿಗೆ ಹಾಕಿದೆ, ಕೆಳಗೆ ಅವಳಿಗೆ ಜಾಗವಿಲ್ಲದ ಹಾಗೆ ಹೊಲಿಗೆ ಮೆಷಿನ್ ಎಳೆದಿಟ್ಟೆ. ಎರಡು ದಿನ ಮುನಿಸಿಕೊಂಡಿದ್ದಳು.

ರಾತ್ರಿ ಹತ್ತರ ಮೇಲೆ ಗುಂಡಿ ಎಂಟೂವರೆ ಮುಳ್ಳಿಗೆ ಇಳಿಯುತ್ತದೆ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಅಂತ 2000ದ ಶಬ್ದಮಾಲಿನ್ಯ ನಿಯಮವಿದೆ. ನಮಗೂ ಪಕ್ಕದ ಮನೆಗೂ ಒಂದೇ ಗೋಡೆ. ಅಷ್ಟು ಕಮ್ಮಿ ಸದ್ದಿನಲ್ಲಿ ಬೇಸ್ ಮಾಯವಾದ ಹಾಗನ್ನಿಸುತ್ತದೆ. ಅದು ಆಂಪ್ಲಿಫೈಯರ್ ತಪ್ಪಲ್ಲ, ಸಣ್ಣ ಸದ್ದಿನಲ್ಲಿ ಕೆಳಗಿನ ಸ್ವರ ಹಿಡಿಯಲು ನಮ್ಮ ಕಿವಿಯೇ ಸೋಮಾರಿ. ಫೋನಿನಲ್ಲಿ ಬೇಸ್ ಒಂಚೂರು ಏರಿಸಿಕೊಂಡರೆ ಆಯಿತು. ಗುಂಡಿಗೆ ಕೈ ಹಾಕಬೇಕಿಲ್ಲ.

ಅಪ್ಪನ ಕುರ್ಚಿಯನ್ನು ಸೋಫಾ ಪಕ್ಕದಿಂದ ಶೆಲ್ಫ್ ಹತ್ತಿರಕ್ಕೆ ತಂದಿದ್ದೇನೆ. ಗುಂಡಿ ಅಲ್ಲೇ ಇದ್ದರೂ ಅವರಿಗೆ ನಾಲ್ಕೈದು ಡೆಸಿಬಲ್ ಜಾಸ್ತಿ ಸಿಗುತ್ತದೆ. ಫೋನಿನಲ್ಲಿ ಮೇಲಿನ ಸ್ವರವನ್ನೂ ಸ್ವಲ್ಪ ಏರಿಸಿದ್ದೇನೆ. ಮೊನ್ನೆ ಒಂದು ಭಜನೆ ಹಾಕಿದ್ದೆ. "ಮೃದಂಗ ಚೆನ್ನಾಗಿದೆ. ಹಾರ್ಮೋನಿಯಂ ಚೆನ್ನಾಗಿದೆ" ಅಂದರು. ತಾಳ ಹೇಗಿದೆ ಅಂತ ಕೇಳಿದೆ. "ತಾಳ ಎಲ್ಲಿದೆ ಇದರಲ್ಲಿ?" ಅಂದರು. ಮಗಳು ನನ್ನ ಮುಖ ನೋಡಿದಳು. ತಾಳ ಮೊದಲಿನಿಂದ ಕೊನೆವರೆಗೆ ಇತ್ತು.

ಬಾಕಿ ಕೆಲಸ ಒಂದಿದೆ. ಸ್ವಿಚ್ ಆಫ್ ಮಾಡಿದಾಗ ಸ್ಪೀಕರಿನಲ್ಲಿ ಡಬ್ ಅಂತ ಒಂದು ಏಟು ಬರುತ್ತದೆ. ಅದಕ್ಕೆ ರಿಲೇ ಇರುವ ಸ್ಪೀಕರ್ ಪ್ರೊಟೆಕ್ಷನ್ ಬೋರ್ಡ್ ಹಾಕಬೇಕು, ಮುಂದಿನ ಶನಿವಾರ ಎಸ್‌ಪಿ ರೋಡಿಗೆ ಹೋಗುತ್ತೇನೆ. ಅಪ್ಪ ಬೇಡ ಅನ್ನುತ್ತಿದ್ದಾರೆ. ಹಾಡು ನಿಂತಿತು ಅಂತ ಅವರಿಗೆ ಗೊತ್ತಾಗುವುದು ಆ ಏಟಿನಿಂದಲೇ ಅಂತೆ.